ಅಧಿಕವಾದ ಅಕ್ಕಿ



1920ರ ಅಕ್ಟೋಬರ್ 31ರಂದು ಮುಂಬಯಿಯಲ್ಲಿ ಎ.ಐ.ಟಿ.ಯು.ಸಿ. ಎಂಬ ಅಖಿಲ ಭಾರತ ಕಾರ್ಮಿಕ ಮಹಾಸಭೆಯ ಪ್ರಥಮ ಅಧಿವೇಶನವು ಲಾಲಾ ಲಜಪತರಾಯರ ಅಧ್ಯಕ್ಷತೆಯಲ್ಲಿ ಆರಂಭವಾಯಿತು. 1919ರಲ್ಲಿ ಸ್ಥಾಪನೆಗೊಂಡ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಗೆ ಭಾರತದ ಕಾರ್ಮಿಕ ಪ್ರತಿನಿಧಿಯನ್ನು ಸರಕಾರವೇ ಆರಿಸಿ ಕಳಿಸಿತ್ತು. ನಮ್ಮವರನ್ನು ನಾವೇ ಆರಿಸಬೇಕೆಂಬ ಹಂಬಲವು ಆ ಮಹಾಸಭೆಯ ಹುಟ್ಟಿಗೆ ಒಂದು ಕಾರಣವಾಯಿತು.

ಆಗ ಬಸವಕಲ್ಯಾಣ, ಹುಮನಾಬಾದಗಳು ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಆದರೆ ದುಡಿಯುವವರು ಸಭೆಯಲ್ಲಿ ಸರಿಸಮನಾಗಿ ಕುಳಿತು ನುಡಿಯುವುದು ಈ ಮಣ್ಣಿಗೆ ಹೊಸತಲ್ಲ. 12ನೆಯ ಶತಮಾನದ ಅನುಭವ ಮಂಟಪದಲ್ಲಿ ಹಗ್ಗ ಹೊಸೆಯುವ ನುಲಿಯ ಚಂದಯ್ಯನವರಿದ್ದರು. ಅಕ್ಕಿ ಆಯುವ ಮಾರಯ್ಯ, ಲಕ್ಕಮ್ಮ ದಂಪತಿಗಳಿದ್ದರು. ಪತಿಯು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಅದನ್ನು ಮರಳಿ ಸುರಿದು ಬರಲು ಹೇಳಿದರು.

ಈ ಪ್ರಸಂಗವನ್ನು ನಾವು ದುಡಿಯುವವರಿಗೆ ಉಪದೇಶಿಸಿ ಸುಮ್ಮನಾಗುತ್ತೇವೆ. ದುಡಿಸಿಕೊಳ್ಳುವವರಿಗೂ ಅದು ಅನ್ವಯಿಸಬೇಡವೇ? ಕೊಡದೆ ಉಳಿಸಿಕೊಂಡ ಕೂಲಿಯೂ ಅಧಿಕವಾದ ಅಕ್ಕಿಯೇ. ಹುಮನಾಬಾದದ ಕಾರ್ಖಾನೆಗಳಲ್ಲಿರಲಿ, ನಮ್ಮ ಹೊಲ, ಅಂಗಡಿ, ಅಡುಗೆಮನೆಗಳಲ್ಲಿರಲಿ, ಕಾಯಕ ಮಾಡಿದವರಿಗೆ ಸಲ್ಲಬೇಕಾದುದು ಮೊದಲು ಸಲ್ಲಲಿ. ಕೆಲಸದಾಕೆಯ ತಿಂಗಳ ಸಂಬಳವನ್ನು ತಡೆಹಿಡಿದು ಜಂಗಮರಿಗೆ ಎಡೆ ಬಡಿಸಿದರೆ ಅದು ದಾಸೋಹವಾದೀತೇ? ಈ ಪ್ರಶ್ನೆಯನ್ನು ಪ್ರತಿ ಮನೆಯ ಯಜಮಾನರೂ ಯಜಮಾನಿಯರೂ ಲೆಕ್ಕದ ಪುಸ್ತಕ ತೆರೆದು ಕೇಳಿಕೊಳ್ಳಲೆಂದು ನಮ್ಮ ಬಿನ್ನಹ.