ರೋಗದ ನಕ್ಷೆಗೆ ಮೊದಲು ರೋಗದ ಲೆಕ್ಕ

ಅಡಿಕೆಗೆ ಎಲೆಚುಕ್ಕೆ ರೋಗದ ಕಾಟ ಹೆಚ್ಚಿದ ಮೇಲೆ ತಾಲ್ಲೂಕುವಾರು ಬಣ್ಣ ಬಳಿದ ನಕ್ಷೆಗಳು ನಮ್ಮ ಸಭೆಗಳಿಗೂ ಬರುತ್ತಿವೆ. ಕೆಂಪು ಬಿದ್ದ ಕಡೆಗೆ ಔಷಧಿ, ನೆರವು ಮೊದಲು ಸಿಗಬೇಕೆಂಬುದು ಸಹಜವಾದ ಮಾತು. ಆದ್ದರಿಂದಲೇ ಅಂಥ ನಕ್ಷೆ ಹೇಗೆ ಹುಟ್ಟುತ್ತದೆ ಎಂಬುದನ್ನು ಬೆಳೆಗಾರರೂ ಕಲಿಯಬೇಕೆಂದು ನಾವು ಭಾವಿಸುತ್ತೇವೆ.

ನಮ್ಮೂರು ನಿಮ್ಮೂರು ಎಂಬ ವಾದ ಬೇಡವೆಂದು ದೂರದ ವಿಜಯಪುರ ಜಿಲ್ಲೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದು ಲಿಂಬೆ, ದ್ರಾಕ್ಷಿ, ದಾಳಿಂಬೆಯ ಸೀಮೆ. ದಾಳಿಂಬೆಗೆ ದುಂಡಾಣು ಅಂಗಮಾರಿಯ ಪೀಡೆಯುಂಟು. 2017ರವರೆಗೆ ವಿಜಯಪುರವನ್ನು ಬಿಟ್ಟರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ ನಾಲ್ಕೇ ತಾಲ್ಲೂಕುಗಳಿದ್ದವು. ಅನಂತರ ಇಂಡಿಯಿಂದ ಚಡಚಣ, ಸಿಂದಗಿಯಿಂದ ದೇವರ ಹಿಪ್ಪರಗಿ ಮತ್ತು ಆಲಮೇಲ, ಮುದ್ದೇಬಿಹಾಳದಿಂದ ತಾಳಿಕೋಟೆ, ಬಾಗೇವಾಡಿಯಿಂದ ನಿಡಗುಂದಿ ಮತ್ತು ಕೋಲ್ಹಾರ ಬೇರೆಯಾದವು. ಈಗ ಇಂಡಿಯ ಹಳೆಯ ರೋಗದ ಅಂಕಿಯನ್ನು ಇಂದಿನ ಇಂಡಿಯ ಅಂಕಿಯೊಡನೆ ಹೋಲಿಸಿದರೆ ರೋಗ ಏರಿದಂತೆಯೋ ಇಳಿದಂತೆಯೋ ಕಂಡೀತು. ಬದಲಾದದ್ದು ಗಡಿ ಮಾತ್ರವಾಗಿರಬಹುದು. ಊರುವಾರು ಲೆಕ್ಕವಿದ್ದರೆ ಗಡಿ ಎಲ್ಲಿಗೆ ಸರಿದರೂ ಮತ್ತೆ ಕೂಡಿಸಿ ನೋಡಬಹುದು. ರೋಗಾಣು ಗಡಿಕಲ್ಲು ಕಂಡು ನಿಲ್ಲುವುದಿಲ್ಲ.

ಎರಡನೆಯ ಪಾಠ ಶೇಕಡಾವಾರಿನದು. ಒಂದೂರಿನಲ್ಲಿ 10 ಮರ ನೋಡಿ 2ರಲ್ಲಿ ರೋಗ ಕಂಡರೆ ಶೇಕಡಾ 20. ಇನ್ನೊಂದೂರಿನಲ್ಲಿ 500 ಮರ ನೋಡಿ 50ರಲ್ಲಿ ಕಂಡರೆ ಶೇಕಡಾ 10. ನಕ್ಷೆಯಲ್ಲಿ ಮೊದಲನೆಯ ಊರೇ ಕೆಂಪು. ಆದರೆ ಅಲ್ಲಿ ರೋಗದ ಮರ ಎರಡರ ಬದಲು ಒಂದಾದರೆ ಅಂಕಿ ಅರ್ಧಕ್ಕೆ ಇಳಿಯುತ್ತದೆ. ಎರಡನೆಯ ಊರಿನಲ್ಲಿ ಒಂದು ಮರದ ವ್ಯತ್ಯಾಸ ಲೆಕ್ಕಕ್ಕೇ ಬಾರದು. ಆದಕಾರಣ ಸಂಖ್ಯಾಶಾಸ್ತ್ರ ಬಲ್ಲವರು ಕಡಿಮೆ ಮರ ನೋಡಿದ ಊರಿನ ಅಂಕಿಯನ್ನು ನೆರೆಯೂರುಗಳ ಅಂಕಿಯ ಕಡೆಗೆ ಸ್ವಲ್ಪ ಎಳೆಯುತ್ತಾರೆ. ಅಕ್ಕಪಕ್ಕದ ತೋಟಗಳಿಗೆ ಮಳೆ, ತೇವ, ಗಾಳಿ ಬಹುಮಟ್ಟಿಗೆ ಒಂದೇ ಆಗಿರುವುದರಿಂದ ಇದು ಸರಿಯೇ. ಆದರೆ ಗುಡ್ಡದ ಆಚೆಯ ತೋಟ ನಕ್ಷೆಯಲ್ಲಿ ಹತ್ತಿರ, ಹವೆಯಲ್ಲಿ ದೂರ. ಅದನ್ನು ಹೇಳಬೇಕಾದವರು ತೋಟದವರಾದ ನಾವು.

ಕರ್ನಾಟಕದ ಅಡಿಕೆ ಕೊಳೆರೋಗದ ಹರಡುವಿಕೆಯನ್ನು ಇಂಥ ವಿಧಾನಗಳಿಂದ ಅಳೆದ ವಿಜ್ಞಾನಿಗಳ ಅಧ್ಯಯನ 2021ರಲ್ಲಿ ಪ್ರಕಟವಾಗಿದೆ. ಕಂಪ್ಯೂಟರಿನ ಕೆಲಸವನ್ನು ಬಲ್ಲವರು ಮಾಡಲಿ. ಅದಕ್ಕೆ ಬೇಕಾದ ಕಾಳು ನಮ್ಮ ತೋಟದಿಂದಲೇ ಹೋಗಬೇಕು. ಜೊಳ್ಳು ಕೊಟ್ಟರೆ ಹಿಟ್ಟು ಬಂದೀತೆ?

ಸದಸ್ಯ ಬಾಂಧವರು ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಊರು, ಸರ್ವೆ ನಂಬರು, ನೋಡಿದ ಮರ, ರೋಗ ಕಂಡ ಮರ ಇಷ್ಟನ್ನು ಬರೆದಿಡಬೇಕು. ಕಾಫಿಯ ಎಲೆತುಕ್ಕಿಗೂ ಇದೇ ಕ್ರಮ. ರೋಗವಿಲ್ಲದಿದ್ದರೆ ಸೊನ್ನೆ ಬರೆಯಿರಿ, ಖಾಲಿ ಬಿಡಬೇಡಿ. ಸೊನ್ನೆಯೆಂದರೆ ನೋಡಿದ್ದೇವೆಂದು, ಖಾಲಿಯೆಂದರೆ ನೋಡಿಲ್ಲವೆಂದು ಅರ್ಥ. ಪರಿಹಾರದ ಆಸೆಗೆ ಅಂಕಿ ಉಬ್ಬಿಸುವುದೂ ಬೇಡ. ನೆರೆಯವರ ಅಂಕಿಯೊಡನೆ ಹೊಂದಿಸಿ ನೋಡುವ ಲೆಕ್ಕದಲ್ಲಿ ಒಬ್ಬರ ಸುಳ್ಳು ಪಕ್ಕದ ತೋಟವನ್ನೂ ಕೆಡಿಸುತ್ತದೆ. ಸಹಕಾರವೆಂಬುದು ಸಾಲ ಮಾರಾಟಗಳಿಗೆ ಮಾತ್ರವಲ್ಲ, ಲೆಕ್ಕಕ್ಕೂ ಬೇಕು.