ನೀರು, ನೆರಳು, ನಡಿಗೆ: ಪರವೂರಿನಲ್ಲಿ ತಂಗುವ ಮುನ್ನ



ನಮ್ಮ ಬಳಗದ ಒಡನಾಡಿಗಳಾದ ಕೆಲವು ಪದವಿ ವಿದ್ಯಾರ್ಥಿಗಳು ಬರುವ ರಜೆಯಲ್ಲಿ ರಾಯಚೂರಿನ ಕೃಷಿ ವಿಶ್ವವಿದ್ಯಾಲಯವನ್ನು ನೋಡಿ, ಅಲ್ಲಿಂದ ದೇವದುರ್ಗ ಹಾಗೂ ಮಾನ್ವಿಯ ಹೊಲಗದ್ದೆಗಳಲ್ಲಿ ನಾಲ್ಕು ದಿನ ತಿರುಗಾಡಿ ಬರಲು ಸಿದ್ಧರಾಗಿದ್ದಾರೆ. ಹೊರಡುವ ಮುನ್ನ ಅವರು ನನ್ನ ಮುಂದಿಟ್ಟ ಮೊದಲ ಪ್ರಶ್ನೆ ಬೆಳೆಯ ಬಗ್ಗೆಯೂ ಇರಲಿಲ್ಲ, ಮಣ್ಣಿನ ಬಗ್ಗೆಯೂ ಇರಲಿಲ್ಲ. “ಸರ್, ರಾಯಚೂರಿನಲ್ಲಿ ಯಾವ ಭಾಗದಲ್ಲಿ ಉಳಿದುಕೊಂಡರೆ ಒಳ್ಳೆಯದು?” ಎಂದು ಕೇಳಿದರು. ಇದೊಂದು ಕ್ಷುಲ್ಲಕ ವಿಚಾರವೆಂದು ಮೊದಲು ನನಗೂ ತೋರಿತು. ಉತ್ತರ ಹೇಳಲು ಕುಳಿತಾಗ ಮಾತ್ರ, ಈ ಪ್ರಶ್ನೆಯ ಬೇರು ನಾವಂದುಕೊಂಡದ್ದಕ್ಕಿಂತ ಆಳಕ್ಕೆ ಇಳಿದಿದೆ ಎಂಬುದು ಅರಿವಾಯಿತು.

ಗುಡ್ಡಗಾಡಿನ ನಾವು ಮನೆ ಕಟ್ಟುವಾಗ ಏನೆಲ್ಲ ನೋಡುತ್ತೇವೆ? ಒರತೆ ಯಾವ ದಿಕ್ಕಿನಲ್ಲಿದೆ, ಮಳೆಗಾಲದ ನೀರು ಎತ್ತ ಹರಿದುಹೋಗುತ್ತದೆ, ಗಾಳಿ ಯಾವ ಕಡೆಯಿಂದ ಬೀಸುತ್ತದೆ, ಬಿಸಿಲು ಅಂಗಳಕ್ಕೆ ಯಾವ ಹೊತ್ತಿಗೆ ಬೀಳುತ್ತದೆ ಎಂಬುದನ್ನೆಲ್ಲ ಹಿರಿಯರು ವರ್ಷಗಟ್ಟಲೆ ಗಮನಿಸಿ ಜಾಗ ಗೊತ್ತು ಮಾಡುತ್ತಿದ್ದರು. ಅದೇ ನಾವು ನಗರಕ್ಕೆ ಹೋದೊಡನೆ ಆ ವಿವೇಕವನ್ನು ಬಸ್ಸಿನಲ್ಲಿಯೇ ಬಿಟ್ಟು ಇಳಿಯುತ್ತೇವೆ. ಬಾಡಿಗೆ ಎಷ್ಟು, ಟಿವಿ ಇದೆಯೇ ಎಂಬಷ್ಟಕ್ಕೆ ನಮ್ಮ ವಿಚಾರಣೆ ಮುಗಿಯುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ನಿಜ. ಆದರೆ ಆ ಹಾಸಿಗೆಯನ್ನು ಎಲ್ಲಿ ಹಾಸಿದ್ದಾರೆ ಎಂಬುದನ್ನೂ ನೋಡಬೇಕಲ್ಲವೇ?

ರಾಯಚೂರು ಉತ್ತರದ ಕೃಷ್ಣೆ ಹಾಗೂ ದಕ್ಷಿಣದ ತುಂಗಭದ್ರೆಯ ನಡುವಿನ ನಾಡು. ಎರಡು ಮಹಾನದಿಗಳ ನಡುವಿದ್ದೂ ಬಿಸಿಲಿಗೆ ಹೆಸರಾದ ಊರು. ಅಲ್ಲಿನ ಕೋಟೆ ಬಂಡೆಗುಡ್ಡವನ್ನು ಆಶ್ರಯಿಸಿ ನಿಂತಿದೆ. ಅದರ ಉದ್ದನೆಯ ಕಲ್ಲೊಂದರ ಮೇಲೆ 1294ರ ಶಾಸನವಿದೆ. ಕೋಟೆಯ ಕಾಲದವರು ಬಂಡೆಯ ಜೊತೆಗೆ ನೀರನ್ನೂ ನೋಡಿಯೇ ನೆಲೆ ನಿಂತರೆಂಬುದಕ್ಕೆ ಮಾವಿನಕೆರೆಯಂಥ ಹಳೆಯ ಕೆರೆಗಳೇ ಸಾಕ್ಷಿ. 1871ರಲ್ಲಿ ಮುಂಬಯಿ ಕಡೆಯ ರೈಲು ಹಳಿಯೂ ಮದ್ರಾಸು ಕಡೆಯ ಹಳಿಯೂ ರಾಯಚೂರಿನಲ್ಲಿ ಕೂಡಿದವು. ಅಲ್ಲಿಂದೀಚೆಗೆ ಊರಿನ ನಡೆ ನಿಲ್ದಾಣದತ್ತ ತಿರುಗಿತು. ವಸತಿಗೃಹಗಳು ಸ್ಟೇಷನ್ ರಸ್ತೆಯಲ್ಲಿ ನೆಲೆಯೂರಿದವು. ಊರು ಬೆಳೆಯಿತು, ಕೆರೆ ಕೊಳೆಯಿತು. ಇದು ನಮ್ಮ ನಾಡಿನ ಬಹುತೇಕ ಎಲ್ಲ ನಗರಗಳ ಕಥೆಯೂ ಹೌದು.

ಆದ್ದರಿಂದ ವಿದ್ಯಾರ್ಥಿಗಳಿಗೆ ನಾನು ಹೇಳಿದ್ದು, ಮೂರನ್ನು ನೋಡಿರಿ ಎಂದು: ನೀರು, ನೆರಳು, ನಡಿಗೆ.

ಮೊದಲನೆಯದು ನೀರು. 2022ರ ಮೇ ಕೊನೆ ಹಾಗೂ ಜೂನ್ ಮೊದಲ ವಾರಗಳಲ್ಲಿ ರಾಯಚೂರು ನಗರದ ಕೆಲವು ಬಡಾವಣೆಗಳಲ್ಲಿ ನಲ್ಲಿಯಿಂದ ಬಂದ ಕಲುಷಿತ ನೀರನ್ನು ಕುಡಿದು ಅನೇಕರು ವಾಂತಿಭೇದಿಯಿಂದ ಆಸ್ಪತ್ರೆ ಸೇರಿದರು. ಹಲವರು ಪ್ರಾಣವನ್ನೇ ಕಳೆದುಕೊಂಡರು. ಸರ್ಕಾರ ತನಿಖೆಗೆ ಆದೇಶಿಸಿತು, ಮೃತರ ಕುಟುಂಬಗಳಿಗೆ ಪರಿಹಾರ ಘೋಷಿಸಿತು. ಎರಡು ನದಿಗಳ ನಡುವಿನ ಊರಿನಲ್ಲಿ ಜನ ನೀರು ಕುಡಿದು ಸತ್ತರೆಂಬುದಕ್ಕಿಂತ ಹೆಚ್ಚಿನ ನಾಚಿಕೆ ಯಾವ ನಾಗರಿಕತೆಗೆ ಬೇಕು? ಒಂದು ರಾತ್ರಿ ತಂಗುವ ಪ್ರವಾಸಿ ಬಾಟಲಿ ನೀರು ಕೊಂಡು ಪಾರಾಗುತ್ತಾನೆ. ಅದೇ ನಲ್ಲಿಯನ್ನು ನಂಬಿದ ಮನೆಯಾಕೆ ಎಲ್ಲಿಗೆ ಹೋಗಬೇಕು?

ಹಾಗಾಗಿ ಕೋಣೆ ಗೊತ್ತು ಮಾಡುವಾಗ ‘ನೀರು ಎಲ್ಲಿಂದ ಬರುತ್ತದೆ?’ ಎಂದು ಸಂಕೋಚವಿಲ್ಲದೆ ಕೇಳಿರಿ. ನದಿ ನೀರಾದರೆ ಚೆನ್ನಾಗಿ ಕುದಿಸಿದ ಮೇಲೆ ರೋಗಾಣುಗಳ ಭಯವಿಲ್ಲ. ಕೊಳವೆಬಾವಿಯದಾದರೆ ಕುದಿಸಿದ ಮಾತ್ರಕ್ಕೆ ನಿಶ್ಚಿಂತರಾಗಬೇಡಿ. ಜಿಲ್ಲೆಯ ಅನೇಕ ಹಳ್ಳಿಗಳ ಅಂತರ್ಜಲದಲ್ಲಿ ಫ್ಲೋರೈಡ್ ಅಂಶ ಹೆಚ್ಚಿದೆ. ಕುದಿಸಿದರೆ ಅದು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಅಂಥ ಕಡೆ ಗ್ರಾಮ ಪಂಚಾಯಿತಿಯ ಶುದ್ಧ ಕುಡಿಯುವ ನೀರಿನ ಘಟಕ ಕೆಲಸ ಮಾಡುತ್ತಿದೆಯೇ ಎಂದು ವಿಚಾರಿಸುವುದೇ ಮೇಲು. ಒರತೆಯ ನೀರನ್ನು ಬೊಗಸೆಯಲ್ಲಿ ಹಿಡಿದು ಕುಡಿದು ಬೆಳೆದ ನಮ್ಮ ಮಕ್ಕಳಿಗೆ ಈ ವ್ಯತ್ಯಾಸ ತಿಳಿದಿರಬೇಕು.

ಎರಡನೆಯದು ನೆರಳು. ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ ನಾನು ಮೊದಲ ಬಾರಿ ಆ ಕಡೆಗೆ ಹೋದದ್ದು ಏಪ್ರಿಲ್ ತಿಂಗಳಿನಲ್ಲಿ. ಬಾಡಿಗೆ ಕಡಿಮೆಯೆಂದು ವಸತಿಗೃಹವೊಂದರ ಕಟ್ಟಕಡೆಯ ಅಂತಸ್ತಿನಲ್ಲಿ, ಪಶ್ಚಿಮದ ಗೋಡೆಗೆ ತಾಗಿದ ಕೋಣೆ ಹಿಡಿದೆ. ಮಧ್ಯರಾತ್ರಿಯಾದರೂ ಗೋಡೆಗೆ ಕೈಯಿಟ್ಟರೆ ಒಲೆಯ ಪಕ್ಕದ ಕಲ್ಲಿನಂತೆ ಬೆಚ್ಚಗಿತ್ತು. ಕಡೆಗೆ ನೆಲಕ್ಕೆ ನೀರು ಚೆಲ್ಲಿ, ಒದ್ದೆ ಪಂಚೆ ಹೊದ್ದು ಬೆಳಗು ಮಾಡಿದೆ. ತಪ್ಪು ವಸತಿಗೃಹದ್ದಲ್ಲ, ಭೌತಶಾಸ್ತ್ರವನ್ನು ಓದಿಯೂ ಮರೆತವನದು. ಕಾಂಕ್ರೀಟಿನ ತಾರಸಿ ಹಗಲಿಡೀ ಶಾಖವನ್ನು ಹೀರಿ ಇರುಳಿಡೀ ಹೊರಹಾಕುತ್ತದೆ. ಬೇಸಿಗೆಯಲ್ಲಿ ಅಲ್ಲಿ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಗಾಳಿಯೇ ಮೈಗಿಂತ ಬಿಸಿಯಾದಾಗ, ಮೈಯ ಬೆವರು ಆರದಿದ್ದರೆ ಫ್ಯಾನು ಬಿಸಿಗಾಳಿಯನ್ನೇ ತಂದು ಸುರಿಯುತ್ತದೆ. ಆದಕಾರಣ ಕೆಳಗಿನ ಅಂತಸ್ತು, ಉತ್ತರ ಅಥವಾ ಪೂರ್ವದ ಕಿಟಕಿ, ಹತ್ತಿರದಲ್ಲೊಂದು ಬೇವಿನ ಮರ, ಇವು ಮೂರಿದ್ದರೆ ಹಳೆಯ ಕಟ್ಟಡವಾದರೂ ಆರಿಸಿಕೊಳ್ಳಿರಿ. ಅಲ್ಲಿನ ಒಣ ಹವೆಯಲ್ಲಿ ನೀರಿನ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ. ನಮ್ಮ ತೇವದ ಹವೆಯಲ್ಲಿ ಮಾಡದು. ಎಸಿ ಕೋಣೆ ಒಳಗೆ ತಂಪು ಮಾಡಿ ಬೀದಿಗೆ ಬಿಸಿ ಉಗುಳುತ್ತದೆ. ಅದರ ವಿದ್ಯುತ್ತಿಗಾಗಿ 1985ರಿಂದ ಶಕ್ತಿನಗರದಲ್ಲಿ, ಕೃಷ್ಣೆಯ ದಡದಲ್ಲಿ, ಕಲ್ಲಿದ್ದಲು ಉರಿಯುತ್ತಿದೆ. ಶರಾವತಿಯ ಮುಳುಗಡೆಯನ್ನು ಕಂಡ ನಮಗೆ, ಶಕ್ತಿನಗರದ ಹಾರುಬೂದಿಯ ಪಕ್ಕದಲ್ಲಿ ಬದುಕುವವರ ಸಂಕಟ ಬೇರೆಯಾಗಿ ಕಾಣಬಾರದು.

ಮೂರನೆಯದು ನಡಿಗೆ. ನಿಮ್ಮ ಕೆಲಸ ಎಲ್ಲಿದೆಯೋ ಅದರ ನಡಿಗೆಯ ದೂರದಲ್ಲಿ ತಂಗಿರಿ. ವಿಶ್ವವಿದ್ಯಾಲಯದಲ್ಲಿ ಕೆಲಸವಿದ್ದರೆ ಅದಿರುವ ಲಿಂಗಸುಗೂರು ರಸ್ತೆಯ ಕಡೆಯೇ ಇರಬೇಕು; ರೈತರು ಹಾಗೂ ವಿದ್ಯಾರ್ಥಿಗಳಿಗೆ ವಸತಿ ದೊರೆಯುವುದೇ ಎಂದು ಮೊದಲೇ ಪತ್ರ ಬರೆದು ಕೇಳಿರಿ. ಹತ್ತಿ ಮಾರುಕಟ್ಟೆಯನ್ನು ನೋಡಬೇಕಾದರೆ ರಾಜೇಂದ್ರ ಗಂಜ್ ಬೆಳಗಿನ ಹೊತ್ತಿಗೆ ಜೀವ ತಳೆಯುತ್ತದೆ. ದೂರ ಉಳಿದವರಿಗೆ ಅದು ಕಾಣಿಸದು. ರೋಗಿಯನ್ನು ಕರೆತಂದವರು ಅಗ್ಗದ ಕೋಣೆಯ ಆಸೆಗೆ ಊರಿನ ಮತ್ತೊಂದು ತುದಿ ಸೇರಿದರೆ ಉಳಿಸಿದ ಹಣ ಆಟೋಕ್ಕೇ ಹೋಗುತ್ತದೆ. ಮಂತ್ರಾಲಯಕ್ಕೆ ಹೋಗುವ ನಮ್ಮ ಕಡೆಯ ಯಾತ್ರಿಕರು ರೈಲು ಅಥವಾ ಬಸ್ ನಿಲ್ದಾಣದ ಸಮೀಪವಿದ್ದರೆ ಸಾಕು. ಹಳೆಯ ಪೇಟೆಯಲ್ಲಿ ಗದ್ದಲವಿದೆ, ದೂಳಿದೆ. ಆದರೆ ಊಟ, ಔಷಧಿ, ಬಸ್ಸು, ದಾರಿ ಹೇಳುವ ಜನ, ಎಲ್ಲವೂ ಕಾಲ್ನಡಿಗೆಯಲ್ಲಿ ಸಿಗುತ್ತವೆ. ಪೆಟ್ರೋಲು ಸುಡದೆ ಬದುಕಬಹುದಾದ ಭಾಗವೇ ಯಾವ ನಗರದಲ್ಲಾದರೂ ಹೆಚ್ಚು ಮಾನವೀಯವಾದ ಭಾಗ.

ಇನ್ನು ಹಳ್ಳಿ ನೋಡಲು ಹೊರಟವರು ರಾಯಚೂರಿನಲ್ಲಿ ಕೋಣೆ ಹಿಡಿದು ದಿನವೂ ಓಡಾಡುವುದು ವ್ಯರ್ಥ. ದೇವದುರ್ಗ, ಮಾನ್ವಿ ಎರಡೂ ನಗರದಿಂದ ಪಶ್ಚಿಮದ ಕಡೆಗೆ, ಸುಮಾರು 50 ಕಿ.ಮೀ. ಆಸುಪಾಸಿನಲ್ಲಿವೆ. ಆ ಪಟ್ಟಣಗಳಲ್ಲಿಯೇ ಒಂದೊಂದು ರಾತ್ರಿ ತಂಗಿರಿ. ಮಾನ್ವಿಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತರೊಡನೆ ಸಂಜೆ ಕುಳಿತು ಮಾತನಾಡಿರಿ. ಕಡಿಮೆ ನೀರಿನ ಬೆಳೆಗಳಿಗೆಂದು ರೂಪಿಸಿದ ಕಾಲುವೆಯಲ್ಲಿ ಮೇಲಿನವರು ಭತ್ತಕ್ಕೆ ನೀರು ಕಟ್ಟಿದಾಗ ಕೆಳಗಿನವರಿಗೆ ಏನು ಉಳಿಯುತ್ತದೆ? 133 ಟಿಎಂಸಿ ಅಡಿಗಳಿದ್ದ ಜಲಾಶಯದ ಸಾಮರ್ಥ್ಯ ಹೂಳು ತುಂಬಿ ಸುಮಾರು 105ಕ್ಕೆ ಇಳಿದದ್ದು, 2024ರ ಆಗಸ್ಟ್‌ನಲ್ಲಿ 19ನೇ ಕ್ರೆಸ್ಟ್ ಗೇಟಿನ ಸರಪಳಿ ತುಂಡಾಗಿ ನೀರು ನದಿ ಪಾಲಾದದ್ದು ಅವರ ಗದ್ದೆಗೆ ಹೇಗೆ ತಟ್ಟಿತು? ಆ ಹೂಳಿನಲ್ಲಿ ನಮ್ಮ ಗುಡ್ಡಗಳಿಂದ ಕೊಚ್ಚಿಹೋದ ಮಣ್ಣೂ ಇದೆ ಎಂಬುದನ್ನು ಮರೆಯಬೇಡಿ. ತುಂಗೆ, ಭದ್ರೆ ಹುಟ್ಟುವುದು ನಮ್ಮ ಕಾಡುಗಳಲ್ಲಿಯೇ.

ದೇವದುರ್ಗದ್ದು ಮತ್ತೊಂದು ಪಾಠ. 2002ರಲ್ಲಿ ವರದಿ ನೀಡಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಆ ತಾಲ್ಲೂಕನ್ನು ರಾಜ್ಯದ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿನಲ್ಲಿ ಇರಿಸಿತ್ತು. ನಾರಾಯಣಪುರ ಬಲದಂಡೆ ಕಾಲುವೆ ಬಂದು ಕೆಲವು ಹೊಲಗಳು ಹಸಿರಾದವು. ಆದರೂ ಹತ್ತಿ ಬಿಡಿಸಿ, ತೊಗರಿ ಕೊಯ್ದ ಮೇಲೆ ಮನೆಗೆ ಬೀಗ ಹಾಕಿ ಗುಳೆ ಹೊರಡುವ ಕುಟುಂಬಗಳು ಇಂದಿಗೂ ಇವೆ. ಅಲ್ಲಿನ ಬಸ್ ನಿಲ್ದಾಣದಲ್ಲಿ ಪಾತ್ರೆ ಚೀಲ, ಹೊದಿಕೆ ಗಂಟು, ಮಗುವನ್ನು ಇಟ್ಟುಕೊಂಡು ಬೆಂಗಳೂರಿನ ಬಸ್ಸಿಗೆ ಕಾಯುತ್ತಿದ್ದ ಒಬ್ಬರನ್ನು ನಾನೊಮ್ಮೆ ಕೇಳಿದೆ: “ಬೆಂಗಳೂರಾಗ ಯಾವ ಏರಿಯಾದಾಗ ಇರ್ತೀರಿ ಅಣ್ಣಾರ?” ಆತ ನಕ್ಕು ಹೇಳಿದ: “ನಮಗ ಏರಿಯಾ ಅಂತ ಎಲ್ಲಿದ್ದೀತ್ರೀ ಸರ್? ಮೇಸ್ತ್ರಿ ಎಲ್ಲಿ ಇಳಿಸ್ತಾನ, ಅದೇ ನಮ್ಮ ಏರಿಯಾ.”

ಈ ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಎಲ್ಲಿ ತಂಗಬೇಕೆಂದು ಕೇಳುವುದೇ ಒಂದು ಸವಲತ್ತು. ಮೇಸ್ತ್ರಿ ಇಳಿಸಿದ ಜಾಗದಲ್ಲಿ ನೀರು ಟ್ಯಾಂಕರಿನದು, ನೆರಳು ತಗಡಿನದು, ನಡಿಗೆ ಶೌಚಕ್ಕಾಗಿ ದೂರದ ಬಯಲಿಗೆ. 2020ರ ಜನವರಿಯಲ್ಲಿ ಬೆಂಗಳೂರಿನ ಬೆಳ್ಳಂದೂರು ಸಮೀಪದ ಕರಿಯಮ್ಮನ ಅಗ್ರಹಾರದಲ್ಲಿ ಕೂಲಿಕಾರರ ಗುಡಿಸಲುಗಳನ್ನು ನೆಲಸಮ ಮಾಡಲಾಯಿತು. ಅಲ್ಲಿರುವವರು ವಿದೇಶಿಯರೆಂಬ ಗುಲ್ಲು ಹಬ್ಬಿತ್ತು. ಬೀದಿಪಾಲಾದವರಲ್ಲಿ ಉತ್ತರ ಕರ್ನಾಟಕದ ಜಿಲ್ಲೆಗಳಿಂದ ದುಡಿಯಲು ಬಂದ ಕನ್ನಡಿಗರೇ ಅನೇಕರಿದ್ದರು. ರಾಜ್ಯದ ಉಚ್ಚ ನ್ಯಾಯಾಲಯ ಆ ತೆರವನ್ನು ಒಪ್ಪಲಿಲ್ಲ. ತನ್ನದೇ ರಾಜಧಾನಿಯಲ್ಲಿ ಹಾಸಿಗೆ ಬಿಡಿಸಲು ಆರಡಿ ನೆಲಕ್ಕಾಗಿ ಗುರುತಿನ ಚೀಟಿ ತೋರಿಸಬೇಕಾದವನಿಗೆ ನಾವು ‘ಒಳ್ಳೆಯ ಏರಿಯಾ ಯಾವುದು’ ಎಂಬ ಪಟ್ಟಿ ಕೊಟ್ಟು ಏನು ಪ್ರಯೋಜನ?

ಬೆಂಗಳೂರನ್ನು ದೂರಿ ನಾವು ಪಾರಾಗುವಂತೆಯೂ ಇಲ್ಲ. ಅದೇ ಉತ್ತರ ಕರ್ನಾಟಕದ ಕೂಲಿಕಾರರು ನಮ್ಮ ಕಾಫಿ, ಅಡಿಕೆ ತೋಟಗಳಿಗೂ ಬರುತ್ತಿದ್ದಾರೆ. ಅವರನ್ನು ನಾವು ಎಲ್ಲಿ ಇಳಿಸುತ್ತಿದ್ದೇವೆ? ಗೊಬ್ಬರದ ಕೊಟ್ಟಿಗೆಯ ಪಕ್ಕದಲ್ಲಿಯೋ, ಸೋರುವ ಲೈನ್ ಮನೆಯಲ್ಲಿಯೋ? ತೋಟ ಕಾರ್ಮಿಕರ ವಸತಿ ಮಾಲೀಕನ ಹೊಣೆಯೆಂದು 1951ರ ಕಾಯ್ದೆಯೇ ಹೇಳಿತ್ತು. ಕಟ್ಟಡ ಕಾರ್ಮಿಕರಿಗೆ ಉಚಿತ ತಾತ್ಕಾಲಿಕ ವಸತಿ, ಪ್ರತ್ಯೇಕ ಅಡುಗೆ, ಸ್ನಾನ, ಶೌಚದ ವ್ಯವಸ್ಥೆ ಮಾಡಬೇಕೆಂದು 1996ರ ಕಾಯ್ದೆ ವಿಧಿಸಿತ್ತು. ಕಾನೂನುಗಳು ಬಂದವು, ಬದಲಾದವು. ತಗಡಿನ ಶೆಡ್ಡು ಮಾತ್ರ ಹಾಗೆಯೇ ಉಳಿಯಿತು. ಕಾಡು ಉಳಿಸಿ ಎಂದು ಬೀದಿಗಿಳಿದ ನಮ್ಮಲ್ಲಿ ಎಷ್ಟು ಮಂದಿ, ನಮ್ಮದೇ ತೋಟದಲ್ಲಿ ದುಡಿಯುವವರ ನಲ್ಲಿಯ ನೀರನ್ನು ಒಮ್ಮೆ ಕುಡಿದು ನೋಡಿದ್ದೇವೆ?

ಆದಕಾರಣ ವಿದ್ಯಾರ್ಥಿ ಮಿತ್ರರಲ್ಲಿ ನನ್ನದೊಂದು ಕೋರಿಕೆ. ರಾಯಚೂರು, ದೇವದುರ್ಗ, ಮಾನ್ವಿ, ಎಲ್ಲಿ ತಂಗಿದರೂ ಒಂದು ಪುಟ ಬರೆದಿಡಿ: ಆ ಬೀದಿಗೆ ನೀರು ಎಲ್ಲಿಂದ ಬರುತ್ತದೆ, ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಕೊಳಚೆ ಎತ್ತ ಹರಿಯುತ್ತದೆ, ಎಷ್ಟು ಮರಗಳಿವೆ, ಕೋಣೆ ಗುಡಿಸುವವರು ಎಲ್ಲಿಂದ ನಡೆದು ಬರುತ್ತಾರೆ. ಮರಳಿ ಬಂದು ಅದೇ ಪ್ರಶ್ನೆಗಳನ್ನು ನಮ್ಮ ಊರಿನ ಲೈನ್ ಮನೆಗಳ ಮುಂದೆಯೂ ಕೇಳಿರಿ. ಎರಡೂ ಉತ್ತರಗಳನ್ನು ಅಕ್ಕಪಕ್ಕದಲ್ಲಿ ಅಚ್ಚು ಮಾಡಲು ಈ ಪತ್ರಿಕೆ ಪುಟ ಕಾದಿರಿಸುತ್ತದೆ. ತೋಟದ ಒಡೆಯರಾದ ಓದುಗರಲ್ಲಿಯೂ ವಿನಂತಿ: ಈ ಮಳೆಗಾಲದ ಮೊದಲು ನಿಮ್ಮ ಕೆಲಸಗಾರರ ಮನೆಯ ಮಾಡು, ನೀರು, ಶೌಚಾಲಯವನ್ನು ಸ್ವತಃ ಹೋಗಿ ನೋಡಿರಿ.

ಪರವೂರಿನಲ್ಲಿ ಒಂದು ರಾತ್ರಿ ನೆಮ್ಮದಿಯಿಂದ ಮಲಗಲು ನಮಗೆ ಬೇಕಾದುದು ಶುದ್ಧ ನೀರು, ತುಸು ನೆರಳು, ಕೆಲಸಕ್ಕೆ ಸಮೀಪದ ದಾರಿ. ದೇವದುರ್ಗದಿಂದ ಗಂಟು ಕಟ್ಟಿಕೊಂಡು ಬಂದವರಿಗೆ ಬೇಕಾದುದೂ ಅಷ್ಟೇ. ಅವರನ್ನು ಇಳಿಸಿಕೊಳ್ಳುವ ಊರು ನಮ್ಮದೂ ಆಗಿರುವಾಗ, ಆರಂಭ ನಮ್ಮ ಅಂಗಳದಿಂದಲೇ ಆಗಲಿ.