ಲಸಿಕೆ ಹಾಕುವ ಕೈಗಳ ಸಂದೇಹ

2021ರ ಜನವರಿ 16ರಂದು ದೇಶದಲ್ಲಿ ಕೋವಿಡ್ ಲಸಿಕೆ ಆರಂಭವಾದಾಗ ಮೊದಲ ಸರದಿ ಆರೋಗ್ಯ ಕಾರ್ಯಕರ್ತರದಾಗಿತ್ತು. ಆಸ್ಪತ್ರೆಗಳಲ್ಲಿ ತರಬೇತಿ ಪಡೆಯುವ ನರ್ಸಿಂಗ್ ವಿದ್ಯಾರ್ಥಿಗಳೂ ಆ ಸಾಲಿನಲ್ಲಿದ್ದರು. ವೈದ್ಯಕೀಯ ಸೌಲಭ್ಯಕ್ಕೆ ಹೆಸರಾದ ಚೆನ್ನೈ ರಾಜಧಾನಿಯಾಗಿರುವ ತಮಿಳುನಾಡಿನಲ್ಲಿಯೇ ಮೊದಲ ವಾರಗಳಲ್ಲಿ ಹಲವರು ಹಿಂಜರಿದರು. ಓದಿದವರಿಗೇ ತಿಳಿವಳಿಕೆಯಿಲ್ಲವೆಂಬ ಟೀಕೆ ಕೇಳಿಬಂತು. ಅದು ಪೂರ್ತಿ ನ್ಯಾಯವಾದ ಟೀಕೆಯಲ್ಲ.

ಕೋವ್ಯಾಕ್ಸಿನ್‌ಗೆ ತುರ್ತು ಅನುಮತಿ ದೊರೆತದ್ದು ಆ ಜನವರಿ 3ರಂದು. ಅದರ ಮೂರನೆಯ ಹಂತದ ಪ್ರಯೋಗದ ಮೊದಲ ಫಲಿತಾಂಶ ಪ್ರಕಟವಾದದ್ದು ಮಾರ್ಚ್ 3ರಂದು. ಔಷಧ ಪ್ರಯೋಗದ ಹಂತಗಳನ್ನು ತರಗತಿಯಲ್ಲಿ ಕಲಿತ ವಿದ್ಯಾರ್ಥಿನಿ ಈ ಎರಡು ತಿಂಗಳ ನಡುವೆ ಫಲಿತಾಂಶ ಎಲ್ಲಿ ಎಂದು ಕೇಳಿದರೆ ಅದು ಮೌಢ್ಯವಲ್ಲ. ಅಂದಿನ ಆರೋಗ್ಯ ಸಚಿವ ಡಾ. ಸಿ. ವಿಜಯಭಾಸ್ಕರ್ ಜನವರಿ 22ರಂದು ತಾವೇ ಅದನ್ನು ಹಾಕಿಸಿಕೊಂಡರು. ಮೆಚ್ಚತಕ್ಕ ನಡೆ, ಆದರೆ ಸಚಿವರ ತೋಳು ಅಂಕಿಅಂಶಕ್ಕೆ ಬದಲಿಯಾಗದು.

ಏಪ್ರಿಲ್ 15ರಂದು ಜನಪ್ರಿಯ ನಟ ವಿವೇಕ್ ಚೆನ್ನೈನ ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆ ಪಡೆದರು, ಮರುದಿನ ಹೃದಯಾಘಾತಕ್ಕೆ ಒಳಗಾದರು, 17ರಂದು ತೀರಿಕೊಂಡರು. ಲಸಿಕೆಗೂ ಇದಕ್ಕೂ ಸಂಬಂಧವಿಲ್ಲವೆಂದು ವೈದ್ಯರು ಆಗಲೇ ಹೇಳಿದ್ದರು. ತಜ್ಞರ ಸಮಿತಿಯ ಅದೇ ನಿರ್ಣಯ ಜನರನ್ನು ತಲುಪಿದ್ದು ಅಕ್ಟೋಬರಿನಲ್ಲಿ. ಆ ಆರು ತಿಂಗಳ ಮೌನವನ್ನು ವದಂತಿ ತುಂಬಿತು.

ಚೆನ್ನೈಗೆ ಈ ವಾದ ಹೊಸದೂ ಅಲ್ಲ. ಕ್ಷಯರೋಗದ ಬಿಸಿಜಿ ಲಸಿಕೆ ಗಿಂಡಿಯ ಪ್ರಯೋಗಾಲಯದಲ್ಲಿ ತಯಾರಾಗುತ್ತಿದ್ದ ಕಾಲದಲ್ಲಿಯೇ, 1955ರಲ್ಲಿ, ರಾಜಾಜಿಯವರು ಅದನ್ನು ಬಹಿರಂಗವಾಗಿ ವಿರೋಧಿಸಿದ್ದರು. ಅವರನ್ನು ಅವಿದ್ಯಾವಂತರೆನ್ನಲು ಯಾರಿಗೂ ಬಾಯಿ ಬಾರದು.

ಜೈನ ಕುಟುಂಬಗಳಿಂದ ಬಂದ ವಿದ್ಯಾರ್ಥಿನಿಯರಿಗೆ ಇನ್ನೊಂದು ಪ್ರಶ್ನೆಯೂ ಎದುರಾಗುತ್ತದೆ. ಕೋವ್ಯಾಕ್ಸಿನ್ ತಯಾರಿಕೆಯಲ್ಲಿ ಜೀವಕೋಶಗಳನ್ನು ಬೆಳೆಸಲು ಕರುವಿನ ಸೀರಮ್ ಬಳಸಲಾಗುತ್ತದೆ. ಅಂತಿಮ ಲಸಿಕೆಯಲ್ಲಿ ಅದು ಇರುವುದಿಲ್ಲವೆಂದು ಕೇಂದ್ರ ಸರ್ಕಾರ 2021ರ ಜೂನ್‌ನಲ್ಲಿ ಸ್ಪಷ್ಟಪಡಿಸಿತು. ಸೀಸೆಯೊಳಗೆ ಇಲ್ಲವೆಂಬುದು ಅರ್ಧ ಉತ್ತರವಷ್ಟೆ. ತಯಾರಿಕೆಯಲ್ಲಿನ ಹಿಂಸೆಯ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಅದನ್ನು ಮುಚ್ಚಿಡಬೇಕಾಗಿಲ್ಲ. ತಡೆಯಬಹುದಾದ ಸೋಂಕನ್ನು ಹಸುಗೂಸಿನ ತೊಟ್ಟಿಲಿಗೆ, ವೃದ್ಧರ ಹಾಸಿಗೆಗೆ ಒಯ್ಯುವುದೂ ಪ್ರಮಾದದಿಂದಾಗುವ ಹಿಂಸೆಯೇ. ಎರಡನ್ನೂ ತೂಗಿ ನೋಡಿದಾಗ ತಕ್ಕಡಿ ಲಸಿಕೆಯ ಕಡೆಗೇ ವಾಲುತ್ತದೆ.

ಸರ್ವೋಚ್ಚ ನ್ಯಾಯಾಲಯ 2022ರ ಮೇ 2ರಂದು ಯಾರಿಗೂ ಬಲವಂತವಾಗಿ ಲಸಿಕೆ ಹಾಕಲಾಗದೆಂದು ಹೇಳಿತು. ಪತ್ರಿಕೆಗಳ ತಲೆಬರಹವಾದ ಮಾತು ಇದು. ಅಡ್ಡಪರಿಣಾಮಗಳ ವರದಿಗಳು ಸಾರ್ವಜನಿಕರಿಗೆ ಸಿಗಬೇಕೆಂದು ಅದೇ ತೀರ್ಪು ಸೂಚಿಸಿದ್ದು ಅಷ್ಟಾಗಿ ಚರ್ಚೆಯಾಗಲಿಲ್ಲ. ನರ್ಸಿಂಗ್ ಕಾಲೇಜುಗಳಿಗೆ ಬೇಕಾದದ್ದು ಆ ಎರಡನೆಯ ಭಾಗ. ಸುತ್ತೋಲೆಯೊಂದನ್ನು ಗೋಡೆಗೆ ಅಂಟಿಸಿ ಸಹಿ ಪಡೆಯುವ ಬದಲು, ಅಂತಹ ವರದಿಯೊಂದನ್ನು ತರಗತಿಯಲ್ಲಿ ಬಿಡಿಸಿ ಓದುವ ಒಂದು ಗಂಟೆ ಬೇಕು. 2017ರಲ್ಲಿ ದಡಾರ–ರುಬೆಲ್ಲಾ ಲಸಿಕಾ ಅಭಿಯಾನದ ವೇಳೆ ವಾಟ್ಸ್ಆ್ಯಪ್ ಸಂದೇಶಗಳಿಂದ ತಮಿಳುನಾಡಿನ ಅನೇಕ ಹೆತ್ತವರು ಅಂಜಿದ್ದರು. ಅಂತಹ ತಾಯಿ ಮಗುವನ್ನೆತ್ತಿಕೊಂಡು ಬಂದು ಮೊದಲು ಕೇಳುವುದು ಸೂಜಿ ಹಿಡಿದು ನಿಂತ ನರ್ಸನ್ನೇ.